ಗೇರುಬೀಜದ ಗೋಣಿ ಮೇಲೆ ಬರೆದ ದೇಶಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮ್ಮ ಊರಿಗೆ ಬರುವ ದಾರಿಯಲ್ಲಿ ಒಂದು ಬೀಜದ ಫ್ಯಾಕ್ಟರಿ ಉಂಟು. ಬೀಜ ಅಂದರೆ ನಮ್ಮ ಕಡೆ ಗೇರುಬೀಜವೇ, ಬಿಡಿಸಿ ಹೇಳಬೇಕಾಗಿಲ್ಲ. ನೆರೆಮನೆಯ ಅಕ್ಕ ಹದಿನೆಂಟು ವರ್ಷದಿಂದ ಅಲ್ಲಿಗೆ ಪೀಲಿಂಗ್ ಕೆಲಸಕ್ಕೆ ಹೋಗುತ್ತಾರೆ. ಒಣಗಿಸಿದ ಬೊಂಡಿನ, ಅಂದರೆ ಬೀಜದ ಒಳಗಿನ ತಿರುಳಿನ, ಮೇಲಿನ ಕೆಂಪು ಸಿಪ್ಪೆ ತೆಗೆಯುವ ಕೆಲಸ. ಕೂಲಿ ಕಿಲೋ ಲೆಕ್ಕದಲ್ಲಿ. ಬೊಂಡು ತುಂಡಾದರೆ ಬೈಗುಳ, ಯಾಕೆಂದರೆ ಇಡೀ ಬೊಂಡಿಗೆ ಒಂದು ರೇಟು, ತುಂಡಿಗೆ ಇನ್ನೊಂದು. ಕಳೆದ ಮಳೆಗಾಲದಲ್ಲಿ ವಾರಕ್ಕೆ ಮೂರೇ ದಿನ ಕೆಲಸ ಸಿಕ್ಕಿತು. ಯಾಕೆ ಅಂತ ಕೇಳಿದರೆ, ‘ಹಡಗು ಬರ್ಲಿಲ್ಲ ಅಂತೆ ಮಾಷ್ಟ್ರೇ’ ಅಂದರು.

ಆ ಹಡಗು ಎಲ್ಲಿಂದ ಬರಬೇಕಿತ್ತು? ಒಂದು ದಿನ ಫ್ಯಾಕ್ಟರಿಯ ಗೋದಾಮಿಗೆ ಹೋಗಿದ್ದೆ. ಎಂಬತ್ತು ಕಿಲೋದ ಗೋಣಿಗಳು ಮಾಡಿನವರೆಗೆ. ಪ್ರತಿ ಗೋಣಿಯ ಮೇಲೂ ಕಪ್ಪು ಬಣ್ಣದಲ್ಲಿ ದೇಶದ ಹೆಸರು. ಐವರಿ ಕೋಸ್ಟ್, ಘಾನಾ, ಒಂದು ಮೂಲೆಯಲ್ಲಿ ಮೊಜಾಂಬಿಕ್. ಪಶ್ಚಿಮ ಆಫ್ರಿಕಾದಲ್ಲಿ ಕೊಯ್ಲು ಫೆಬ್ರವರಿಯಿಂದ ಜೂನ್‌ವರೆಗೆ. ಪೂರ್ವದ ಮೊಜಾಂಬಿಕ್, ತಾಂಜಾನಿಯಾದಲ್ಲಿ ಅಕ್ಟೋಬರಿನಿಂದ ಜನವರಿ. ಭಾರತದ ಫ್ಯಾಕ್ಟರಿಗಳು ಒಡೆಯುವ ಬೀಜದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ನಮ್ಮ ತೋಟದ ಬೀಜ ಅವರಿಗೆ ಎರಡು ತಿಂಗಳಿಗೂ ಸಾಲದು.

ಆ ಹೆಸರುಗಳನ್ನು ಓದುವಾಗ ನನಗೆ ಬೇರೊಂದು ಪಟ್ಟಿ ನೆನಪಾಯಿತು. ಅಮೆರಿಕ 2019ರ ಡಿಸೆಂಬರಿನಲ್ಲಿ ಗ್ಲೋಬಲ್ ಫ್ರಜಿಲಿಟಿ ಆಕ್ಟ್ ಅನ್ನುವ ಕಾನೂನು ಮಾಡಿತು. ಅಂತರ್ಯುದ್ಧ ಶುರುವಾದ ಮೇಲೆ ಸೈನ್ಯ ಕಳಿಸಿ ದುಡ್ಡು ಸುರಿಯುವ ಬದಲು, ದುರ್ಬಲ ದೇಶಗಳಲ್ಲಿ ಬೆಂಕಿ ಹತ್ತುವ ಮೊದಲೇ ತಡೆಯಬೇಕು ಅನ್ನುವುದು ಅದರ ಉದ್ದೇಶ. ಇದಕ್ಕಾಗಿ ವರ್ಷಕ್ಕೆ 20 ಕೋಟಿ ಡಾಲರ್‌ವರೆಗೆ ನಿಧಿ ಇಡಬಹುದು, ಪ್ರತಿ ದೇಶಕ್ಕೂ ಹತ್ತು ವರ್ಷದ ಯೋಜನೆ ಇರಬೇಕು ಅಂತ ಬರೆದರು. ಯಾವ ದೇಶಗಳು ಅನ್ನುವ ಪಟ್ಟಿ ಬಂದದ್ದು 2022ರ ಏಪ್ರಿಲ್‌ನಲ್ಲಿ. ಹೈಟಿ, ಲಿಬಿಯಾ, ಮೊಜಾಂಬಿಕ್, ಪಪುವಾ ನ್ಯೂಗಿನಿ, ಮತ್ತು ಪಶ್ಚಿಮ ಆಫ್ರಿಕಾದ ಕರಾವಳಿಯ ಐದು ದೇಶ: ಬೆನಿನ್, ಐವರಿ ಕೋಸ್ಟ್, ಘಾನಾ, ಗಿನಿ, ಟೋಗೋ.

ಮೊಜಾಂಬಿಕ್ ಮತ್ತು ಈ ಐದು, ಆರೂ ಗೇರು ಬೆಳೆಯುವ ದೇಶಗಳು. ವಾಷಿಂಗ್ಟನ್‌ನ ಪಟ್ಟಿ ಮಾಡಿದವರಿಗೆ ಗೇರುಬೀಜ ಖಂಡಿತ ನೆನಪಿಗೆ ಬಂದಿರಲಿಕ್ಕಿಲ್ಲ. ಆದರೆ ನಮ್ಮ ಅಕ್ಕನ ವಾರದ ಕೂಲಿ ಮತ್ತು ಆ ಪಟ್ಟಿ ಒಂದೇ ಗೋಣಿಯಲ್ಲಿ ಕೂತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಬರಲು ಕಾರಣ ಇತ್ತು. ಇರಾಕ್, ಅಫ್ಘಾನಿಸ್ತಾನದಲ್ಲಿ ಅಮೆರಿಕ ಎರಡು ದಶಕ ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಅಫ್ಘಾನಿಸ್ತಾನದಲ್ಲಿ ಭಾರತದ್ದೂ ಸುಮಾರು 300 ಕೋಟಿ ಡಾಲರ್ ಇತ್ತು. ಪಾರ್ಲಿಮೆಂಟ್ ಕಟ್ಟಡ, ಸಲ್ಮಾ ಅಣೆಕಟ್ಟು, ಜರಂಜ್–ಡೆಲಾರಾಮ್ ರಸ್ತೆ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿಗೆ ಒಂದೇ ದಿನದಲ್ಲಿ ಸಿಕ್ಕಿತು. ಇನ್ನೊಂದು ಕಡೆ, 2018ರಲ್ಲಿ ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ ಸೇರಿ ಒಂದು ಅಧ್ಯಯನ ಮಾಡಿದವು. ಮೊದಲೇ ತಡೆದರೆ ಜಗತ್ತಿಗೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್ ಉಳಿಯುತ್ತದೆ ಅನ್ನುವುದು ಅದರ ಲೆಕ್ಕ. ಎರಡು ಅಂಕಿಯ ನಡುವೆ ಎಷ್ಟು ದೂರ ನೋಡಿ. ನಡೆಯದೇ ಹೋದ ಯುದ್ಧದ ಖರ್ಚನ್ನು ಯಾರು ಸರಿಯಾಗಿ ಅಳೆಯುತ್ತಾರೆ?

ತೊಂದರೆ ಇರುವುದೇ ಇಲ್ಲಿ. ತಡೆದದ್ದು ಕಣ್ಣಿಗೆ ಕಾಣುವುದಿಲ್ಲ. ಕಾಸರಗೋಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎಪ್ಪತ್ತರ ದಶಕದಿಂದ 2000ದವರೆಗೆ ಇಲ್ಲಿನ ಸರ್ಕಾರಿ ಒಡೆತನದ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದರು. ಎಣ್ಮಕಜೆ, ಮುಳಿಯಾರು ಕಡೆ ಮನೆಮನೆಯಲ್ಲಿ ಕಾಯಿಲೆ, ಅಂಗವೈಕಲ್ಯ, ಆ ಕಥೆ ನಿಮಗೆ ಗೊತ್ತೇ ಇದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಅಂದಿತು. ಅದೂ ಬರಲು ಮತ್ತೆ ಕೋರ್ಟು ಹತ್ತಬೇಕಾಯಿತು. ಮೊದಲೇ ತಡೆಯಲು ಎಷ್ಟು ಖರ್ಚಾಗುತ್ತಿತ್ತು? ಹೆಲಿಕಾಪ್ಟರ್ ಹಾರಿಸದೇ ಇರುವುದಕ್ಕೆ ಖರ್ಚೇ ಇಲ್ಲ.

ಇನ್ನೊಂದು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಕಲ್ಲು ಅಲ್ಲೇ ಇತ್ತು, ನಾವು ಕಾಯಿಲೆ ಬಂದರೆ ಮಂಗಳೂರಿಗೆ ಓಡುತ್ತಲೇ ಇದ್ದೆವು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳರಸ್ತೆಗಳಿಗೆ ಮಣ್ಣಿನ ರಾಶಿ. ಆಂಬ್ಯುಲೆನ್ಸ್‌ಗಳು ಗಡಿಯಲ್ಲಿ ನಿಂತವು. ಮಂಗಳೂರಿಗೆ ತಲುಪಲಾಗದೆ ಜನ ಸತ್ತರು. ಆಗ, ಏಪ್ರಿಲ್ ಮೊದಲ ವಾರದಲ್ಲಿ, ಉಕ್ಕಿನಡ್ಕದ ಒಂದು ಕಟ್ಟಡವನ್ನು ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಆರು ವರ್ಷ ಆಗದ ಕೆಲಸ ಕೆಲವೇ ದಿನದಲ್ಲಿ ಆಯಿತು. ದುಡ್ಡು ಬರುವುದು ಹೊಗೆ ಕಂಡ ಮೇಲೆಯೇ. ತಿರುವನಂತಪುರ ಆಗಲಿ ವಾಷಿಂಗ್ಟನ್ ಆಗಲಿ, ಈ ವಿಷಯದಲ್ಲಿ ಒಂದೇ ಜಾತಿ.

ಅಮೆರಿಕದ ಕಾನೂನೂ ಹಾಗೇ ಆಯಿತು. ಪಟ್ಟಿ ಮಾಡುವುದಕ್ಕೇ ಎರಡು ವರ್ಷಕ್ಕಿಂತ ಜಾಸ್ತಿ ಹೋಯಿತು. ಹತ್ತು ವರ್ಷದ ಯೋಜನೆಗಳು ಸಿದ್ಧವಾದದ್ದು 2023ರಲ್ಲಿ. 2025ರ ಜನವರಿಯಲ್ಲಿ ಹೊಸ ಸರ್ಕಾರ ಬಂದು ವಿದೇಶಿ ನೆರವನ್ನೇ ನಿಲ್ಲಿಸಿತು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯ ಬಾಗಿಲೂ ಮುಚ್ಚಿತು. ಹತ್ತು ವರ್ಷ ಅಂದದ್ದು ಎರಡು ವರ್ಷವೂ ನೆಟ್ಟಗೆ ನಡೆಯಲಿಲ್ಲ. ಬ್ರಿಟನ್ ಕೂಡ ನೆರವಿನ ಪಾಲನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಹೇಳಿತು. ಉಳಿದ ದುಡ್ಡು ರಕ್ಷಣೆಗೆ. 2024ರಲ್ಲಿ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತ್ತು.

ಇಷ್ಟು ದುಡ್ಡಿನ ಮಾತು. ದುಡ್ಡು ಇದ್ದಿದ್ದರೆ ಆಗುತ್ತಿತ್ತಾ? ನನಗೆ ಅನುಮಾನ ಉಂಟು.

ಕುಂಬಳೆಯಲ್ಲಿ ನನ್ನ ಜೊತೆ ಓದಿದವನೊಬ್ಬ ಪ್ರತಿ ವರ್ಷ ಫೆಬ್ರವರಿಗೆ ಬೀಜ ಖರೀದಿಗೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಾನೆ. ಅವನ ಕೆಲಸ ಔಟ್‌ಟರ್ನ್ ನೋಡುವುದು. ಗೋಣಿಯಿಂದ ಒಂದು ಕಿಲೋ ಬೀಜ ತೆಗೆದು, ಒಡೆದು, ಒಳ್ಳೆ ಬೊಂಡು ಎಷ್ಟು ಅಂತ ತೂಗುತ್ತಾನೆ. ಔಟ್‌ಟರ್ನ್ 48 ಅಂದರೆ ಎಂಬತ್ತು ಕಿಲೋ ಗೋಣಿಯಲ್ಲಿ 48 ಪೌಂಡು ಬೊಂಡು ಅಂತ ಅರ್ಥ. ಗಿನಿ ಬಿಸಾವ್‌ನ ಬೀಜ ಅದಕ್ಕಿಂತಲೂ ಮೇಲೆ. ಈ ಲೆಕ್ಕ ಅವನಿಗೆ ನಿದ್ದೆಯಲ್ಲೂ ಬಾಯಿಪಾಠ. ಆದರೆ ಊರಿಗೆ ಬಂದಾಗ ಅವನು ಹೇಳುವುದು ಬೇರೆಯೇ. ‘ಔಟ್‌ಟರ್ನ್ ಆಮೇಲೆ ಮಾರಾಯ, ಮೊದಲು ಗೇಟು ಲೆಕ್ಕ ಹಾಕ್ಬೇಕು.’ ಗೇಟು ಅಂದರೆ ದಾರಿಯ ಚೆಕ್‌ಪೋಸ್ಟು. ಹಗ್ಗ ಕಟ್ಟಿದ ಎರಡು ಡ್ರಮ್ಮು, ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಯೂನಿಫಾರ್ಮಿನವ. ಒಂದು ಲಾರಿ ತೋಟದ ಊರಿನಿಂದ ಬಂದರಿಗೆ ಬರುವುದರೊಳಗೆ ಇಂಥ ಗೇಟು ಎಷ್ಟು, ಪ್ರತಿಯೊಂದರಲ್ಲಿ ಎಷ್ಟು ಕೊಡಬೇಕು, ಇದನ್ನು ನೋಡಿದರೆ ಆ ಸೀಮೆಯ ಕಥೆ ಗೊತ್ತಾಗುತ್ತದೆ ಅನ್ನುತ್ತಾನೆ. ಗೇಟು ಜಾಸ್ತಿಯಾದ ವರ್ಷ ಅವನು ಆ ಕಡೆ ಹೋಗುವುದಿಲ್ಲ.

ಇದು ಸುಮ್ನೆ ವ್ಯಾಪಾರಿಯ ಗೊಣಗಾಟ ಅಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಫ್ರಿಕಾದಲ್ಲಿ ಉಗ್ರರ ಗುಂಪು ಸೇರಿದ್ದವರನ್ನೇ ನೇರ ಕೂರಿಸಿ ಮಾತಾಡಿಸಿದ್ದರು. ಕೊನೆಗೆ ಗುಂಪಿಗೆ ಸೇರಿಯೇ ಬಿಡುವಂತೆ ಮಾಡಿದ್ದು ಯಾವುದು ಅಂತ ಕೇಳಿದಾಗ ಶೇ 71ರಷ್ಟು ಮಂದಿ ಹೇಳಿದ್ದು ಸರ್ಕಾರದವರು ಮಾಡಿದ ಒಂದು ಕೆಲಸ: ಮನೆಯವರನ್ನೋ ಗೆಳೆಯರನ್ನೋ ಕೊಂದದ್ದು, ಹಿಡಿದುಕೊಂಡು ಹೋದದ್ದು. ಧರ್ಮದ ಪ್ರವಚನ ಕೇಳಿ ಹೋದವರಿಗಿಂತ ಪೊಲೀಸ್ ಜೀಪು ನೋಡಿ ಹೋದವರು ಜಾಸ್ತಿ. ದುರ್ಬಲ ದೇಶಗಳಿಗೆ ಹೊರಗಿನವರು ಕೊಡುವ ಮೊದಲ ನೆರವು ಏನು ಹೇಳಿ? ಪೊಲೀಸ್, ಸೈನ್ಯಕ್ಕೆ ತರಬೇತಿ ಮತ್ತು ಜೀಪು.

ನಮ್ಮ ಕಡೆಯ ಅಸಮಾಧಾನವನ್ನೇ ನೋಡಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು. ಆಗಲಿಲ್ಲ. ಎಪ್ಪತ್ತು ವರ್ಷದ ನೋವು ಇದು, ಸಣ್ಣದಲ್ಲ. ಆದರೆ ಬಂದೂಕು ಬರಲಿಲ್ಲ. ನಾವು ಒಳ್ಳೆಯವರು ಅಂತಲ್ಲ. ಕನ್ನಡ ಬಾರದ ಮಾಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದರೆ ಅಪ್ಪ ಅಮ್ಮಂದಿರು ಗೇಟಿನೆದುರು ಕೂರುತ್ತಾರೆ, ಆಮೇಲೆ ಹೈಕೋರ್ಟಿಗೆ ಹೋಗುತ್ತಾರೆ. ಭಾಷಾ ಅಲ್ಪಸಂಖ್ಯಾತರಿಗಾಗಿ ಇರುವ ಸಂವಿಧಾನದ 350ಎ, 350ಬಿ ವಿಧಿಗಳನ್ನು ಹಿಡಿದು ಅರ್ಜಿ ಬರೆಯುವವರು ಪ್ರತಿ ಪಂಚಾಯತಿಯಲ್ಲೂ ಒಬ್ಬರು ಸಿಗುತ್ತಾರೆ. ತಲಪಾಡಿ ಮುಚ್ಚಿದಾಗಲೂ ಹಾಗೇ, ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ಬಿಡಿಸಿ ಅಂದಿತು, ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯ ಪೂರ್ತಿ ಸಿಕ್ಕಿತಾ? ಇಲ್ಲ. ಆದರೆ ಸಿಟ್ಟಿಗೆ ಹೋಗಿ ಕೂರಲು ಒಂದು ಜಾಗ ಇತ್ತು. ಮೊಜಾಂಬಿಕ್‌ನ ಉತ್ತರ ತುದಿಯ ಹುಡುಗನಿಗೆ ಆ ಜಾಗ ಇರಲಿಲ್ಲ.

ಆ ತುದಿಯ ಪ್ರಾಂತ್ಯದ ಹೆಸರು ಕಾಬೋ ಡೆಲ್ಗಾಡೊ. ರಾಜಧಾನಿ ಮಪುಟೊದಿಂದ ಬಹಳ ದೂರ, ತಾಂಜಾನಿಯಾದ ಗಡಿ. ಅಲ್ಲಿ 2009ರಲ್ಲಿ ಮಾಣಿಕ್ಯದ ಕಲ್ಲು ಸಿಕ್ಕಿತು, 2010ರಲ್ಲಿ ಸಮುದ್ರದಲ್ಲಿ ಗ್ಯಾಸ್. ಮಾಣಿಕ್ಯ ಅಗೆಯುತ್ತಿದ್ದ ಬಡವರನ್ನು ಓಡಿಸಿದರು. ಗ್ಯಾಸ್ ಪ್ಲಾಂಟಿಗೆ ಮೀನುಗಾರರ ಊರು ಎತ್ತಿದರು. 2017ರ ಅಕ್ಟೋಬರಿನಲ್ಲಿ ಮೊಸಿಂಬೊವಾ ದ ಪ್ರಾಯಾ ಅನ್ನುವ ಪೇಟೆಯ ಪೊಲೀಸ್ ಠಾಣೆಗಳ ಮೇಲೆ ದಾಳಿ ಆಯಿತು. 2021ರ ಮಾರ್ಚ್‌ನಲ್ಲಿ ಪಾಲ್ಮಾ ಪೇಟೆಯೇ ಉಗ್ರರ ಕೈಗೆ ಹೋಯಿತು. ಫ್ರಾನ್ಸಿನ ಟೋಟಲ್ ಕಂಪನಿ ಗ್ಯಾಸ್ ಕೆಲಸ ನಿಲ್ಲಿಸಿ ಹೊರಟಿತು. ಆ ಗ್ಯಾಸ್ ಯೋಜನೆಯಲ್ಲಿ ಭಾರತದ ಸರ್ಕಾರಿ ಎಣ್ಣೆ ಕಂಪನಿಗಳದ್ದೇ ಶೇ 30 ಪಾಲು. ಹೆಚ್ಚು ಜನಕ್ಕೆ ಇದು ಗೊತ್ತಿಲ್ಲ. ರುವಾಂಡಾದ ಸೈನಿಕರು ಬಂದು ಪೇಟೆಗಳನ್ನು ಬಿಡಿಸಿಕೊಟ್ಟರು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಮನೆ ಬಿಟ್ಟಿದ್ದರು. ಎಷ್ಟೋ ಜನ ಓಡಿ ಬಂದದ್ದು ಪಕ್ಕದ ನಂಪುಲಾಕ್ಕೆ. ನಂಪುಲಾ ಅಂದರೆ ಮೊಜಾಂಬಿಕ್‌ನ ಗೇರು ಸೀಮೆ.

ಗೇರು ಅಲ್ಲಿಗೆ ಹೋದ ಕಥೆ ನಮ್ಮದೇ. ಬ್ರೆಜಿಲ್‌ನಿಂದ ಪೋರ್ಚುಗೀಸರು ನಮಗೂ ತಂದರು, ಅವರಿಗೂ ಕೊಂಡೊಯ್ದರು. ಕಾಸರಗೋಡಿನ ಮಲಯಾಳದಲ್ಲಿ ಈಗಲೂ ಅದು ಪರಂಗಿ ಅಂಡಿ, ಅಂದರೆ ಪರಂಗಿಯವರ ಬೀಜ. ಎಪ್ಪತ್ತರ ದಶಕದ ಮೊದಲಲ್ಲಿ ಜಗತ್ತಿನಲ್ಲಿ ಅತಿ ಜಾಸ್ತಿ ಗೇರು ಬೆಳೆಯುತ್ತಿದ್ದವರು ಮೊಜಾಂಬಿಕ್‌ನವರು. ಒಡೆಯುವ ಫ್ಯಾಕ್ಟರಿಗಳೂ ಅಲ್ಲೇ ಇದ್ದವು. 1977ರಿಂದ 1992ರವರೆಗೆ ಅಂತರ್ಯುದ್ಧ. ಅದು ಮುಗಿದು ಫ್ಯಾಕ್ಟರಿಗಳು ಉಸಿರು ಬಿಡುವ ಹೊತ್ತಿಗೆ ವಿಶ್ವಬ್ಯಾಂಕ್ ಒಂದು ಷರತ್ತು ಹಾಕಿತು. ಕಚ್ಚಾ ಬೀಜದ ರಫ್ತಿಗೆ ಇದ್ದ ಸುಂಕ ಇಳಿಸಿ, ಬೆಳೆಗಾರನಿಗೆ ಒಳ್ಳೆ ರೇಟು ಸಿಗುತ್ತದೆ ಅಂತ. ಸುಂಕ ಇಳಿಯಿತು. ಬೀಜ ಕಚ್ಚಾ ರೂಪದಲ್ಲೇ ಹಡಗು ಹತ್ತಿತು. ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದವು, ಸುಮಾರು ಹತ್ತು ಸಾವಿರ ಮಂದಿ ಕೆಲಸ ಕಳೆದುಕೊಂಡರು, ಅವರಲ್ಲಿ ಎಷ್ಟೋ ಹೆಂಗಸರು. ಬೆಳೆಗಾರನಿಗೆ ಸಿಕ್ಕಿದ್ದೆಷ್ಟು? ಆಮೇಲೆ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರ ಪ್ರಕಾರ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಡಾಲರ್ ಚಿಲ್ಲರೆ.

ಆ ಹಡಗು ಎಲ್ಲಿಗೆ ಬಂತು ಅಂತ ಕೇಳಿ. ಭಾರತಕ್ಕೆ. ಕೊಲ್ಲಂ, ಮಂಗಳೂರು, ಈ ಕಡೆಯ ಸಣ್ಣಪುಟ್ಟ ಫ್ಯಾಕ್ಟರಿಗಳಿಗೆ. ಅವರು ಕಳೆದುಕೊಂಡ ಪೀಲಿಂಗ್ ಕೆಲಸದ ಒಂದು ಚೂರು ನಮ್ಮ ಅಕ್ಕನ ಮೊರದಲ್ಲಿ ಇರಬಹುದು.

ಗೇರು ಫ್ಯಾಕ್ಟರಿ ಮುಚ್ಚಿದ್ದರಿಂದಲೇ ಕಾಬೋ ಡೆಲ್ಗಾಡೊ ಹೊತ್ತಿ ಉರಿಯಿತು ಅಂತ ನಾನು ಹೇಳುತ್ತಿಲ್ಲ. ಅಷ್ಟು ನೇರ ಗೆರೆ ಎಳೆದರೆ ತಪ್ಪಾಗುತ್ತದೆ. ನಾನು ಹೇಳುವುದು ಇಷ್ಟೇ: ಒಂದು ಕೈಯಲ್ಲಿ ಶಾಂತಿಗೆ ಯೋಜನೆ ಬರೆಯುವವರು ಇನ್ನೊಂದು ಕೈಯಲ್ಲಿ ಅಲ್ಲಿನ ಕೆಲಸ ಕಿತ್ತುಕೊಂಡರೆ, ಮೊದಲ ಕೈ ಮಾಡಿದ್ದು ಯಾವ ಲೆಕ್ಕಕ್ಕೂ ಇಲ್ಲ. ಮತ್ತೆ ಆ ಎರಡು ಕೈಗಳಿಗೆ ಬೇರೆ ಬೇರೆ ಆಫೀಸು, ಬೇರೆ ಬೇರೆ ಫೈಲು. ಒಂದನ್ನೊಂದು ನೋಡುವುದೇ ಇಲ್ಲ.

ಹಾಗಾದರೆ ಎಲ್ಲಾದರೂ ಕೆಲಸ ಆಗಿದೆಯಾ? ನನಗೆ ಕಾಣುವುದು ಐವರಿ ಕೋಸ್ಟ್. ಅಲ್ಲಿ ಗೇರು ಬೆಳೆಯುವುದು ಉತ್ತರ ಮತ್ತು ನಡುಸೀಮೆಯಲ್ಲಿ, ಕೊರೊಗೊ, ಬುವಾಕೆ ಸುತ್ತ. 2002ರಲ್ಲಿ ದಂಗೆ ಎದ್ದದ್ದೂ ಅಲ್ಲೇ. ಬುವಾಕೆ ದಂಗೆಕೋರರ ರಾಜಧಾನಿಯೇ ಆಗಿತ್ತು. ಗೇರುಬೀಜದ ಲಾರಿಗೆ ತೆರಿಗೆ ಹಾಕಿ ಅವರು ಖರ್ಚು ತೂಗಿಸುತ್ತಿದ್ದರು. ಗೆಳೆಯನ ಗೇಟು ನೆನಪಾಯಿತು ಅಲ್ವಾ? 2010ರ ಚುನಾವಣೆಯ ಜಗಳದಲ್ಲಿ ಮತ್ತೆ ಮೂರು ಸಾವಿರ ಜನ ಸತ್ತರು. ಆಮೇಲೆ ಅಪಾಯ ಬಂದದ್ದು ಉತ್ತರದ ಗಡಿಯಾಚೆಯಿಂದ. ಮಾಲಿಯಲ್ಲಿ 2020 ಮತ್ತು 2021ರಲ್ಲಿ ಸೈನಿಕ ಕ್ರಾಂತಿ. ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಒಂದೇ ವರ್ಷ ಎರಡು. 2023ರಲ್ಲಿ ನೈಜರ್. ಅಲ್ಲಿನ ಉಗ್ರರು ಕೆಳಗೆ ಕರಾವಳಿ ಕಡೆ ಜಾರಿ ಬರುತ್ತಿದ್ದಾರೆ. 2025ರ ಏಪ್ರಿಲ್‌ನಲ್ಲಿ ಬೆನಿನ್‌ನ ಉತ್ತರದಲ್ಲಿ ಒಂದೇ ದಿನದ ದಾಳಿಗೆ 54 ಸೈನಿಕರು ಸತ್ತರು.

ಐವರಿ ಕೋಸ್ಟಿನ ಗಡಿಯಲ್ಲೂ 2020, 2021ರಲ್ಲಿ ದಾಳಿ ಆಗಿತ್ತು. ಅವರು ಗಡಿಗೆ ಸೈನ್ಯ ಕಳಿಸಿದರು, ಅದು ಎಲ್ಲರೂ ಮಾಡುವುದೇ. ಅದರ ಜೊತೆಗೆ 2022ರಿಂದ ಉತ್ತರದ ಗಡಿ ಜಿಲ್ಲೆಗಳ ಹುಡುಗರಿಗೆ ಕೆಲಸದ ತರಬೇತಿ, ಸಣ್ಣ ಸಾಲ, ಊರಿಗೆ ರಸ್ತೆ, ಕರೆಂಟು ಕೊಡಲು ಹೊರಟರು. ಇನ್ನೊಂದು ಕಡೆ ಗೇರುಬೀಜವನ್ನು ಅಲ್ಲೇ ಒಡೆಯಲು ಫ್ಯಾಕ್ಟರಿಗಳಿಗೆ ಸಹಾಯಧನ. ಹತ್ತು ವರ್ಷದ ಹಿಂದೆ ಅವರ ಬೆಳೆಯ ಹತ್ತರಲ್ಲೊಂದು ಪಾಲೂ ಅಲ್ಲಿ ಒಡೆಯುತ್ತಿರಲಿಲ್ಲ. ಈಗ ಸುಮಾರು ಮೂರರಲ್ಲೊಂದು ಪಾಲು. ಗಡಿಯಾಚೆ ಬೆಂಕಿ ಜೋರಾಯಿತು, ಈಚೆ ದಾಳಿಗಳು ಬಹಳ ಕಮ್ಮಿಯಾದವು. ಎಲ್ಲ ಸರಿ ಹೋಗಿದೆ ಅಂತಲ್ಲ. ಅಧ್ಯಕ್ಷ ಉವಾಟ್ಟಾರ 2025ರಲ್ಲಿ ನಾಲ್ಕನೇ ಅವಧಿಗೆ ನಿಂತು ಗೆದ್ದರು, ದೊಡ್ಡ ಎದುರಾಳಿಗಳಿಗೆ ಸ್ಪರ್ಧಿಸಲು ಬಿಡದೆ. ಸಿಟ್ಟಿಗೆ ಕೂರುವ ಜಾಗ ಅಲ್ಲೂ ಕಿರಿದಾಗುತ್ತಿದೆ. ಆದರೂ ಗಡಿ ಜಿಲ್ಲೆಯ ಹುಡುಗನ ಕೈಗೆ ಕೆಲಸ ಕೊಟ್ಟದ್ದು ಹೊರಗಿನವರ ಹತ್ತು ವರ್ಷದ ಯೋಜನೆಗಿಂತ ಜಾಸ್ತಿ ಉಪಯೋಗಕ್ಕೆ ಬಂತು ಅನ್ನುವುದು ನನ್ನ ಅಂದಾಜು.

ನಮ್ಮ ದೆಹಲಿಗೆ ಇಂಥ ಹೆಸರಿನ ಕಾನೂನಿಲ್ಲ. ನಾವು ಗಟ್ಟಿ ಇರುವುದು ಕರೆತರುವುದರಲ್ಲಿ. 2015ರಲ್ಲಿ ಯೆಮನ್‌ನಿಂದ 4,600ಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ 41 ದೇಶಗಳ 960 ಜನರನ್ನು ಕರೆತಂದದ್ದು ಸಣ್ಣ ಸಾಹಸವಲ್ಲ. 2023ರಲ್ಲಿ ಸುಡಾನ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಗಲ್ಫಿನಲ್ಲಿ ಮಗನೋ ಅಳಿಯನೋ ಇಲ್ಲದ ಮನೆ ಕಾಸರಗೋಡಿನಲ್ಲಿ ಕಮ್ಮಿ, ಹಾಗಾಗಿ ಹಡಗು ಬರುತ್ತದೆ ಅನ್ನುವ ಧೈರ್ಯ ನಮಗೆ ದೊಡ್ಡದು. ಆದರೆ ಕರೆತರುವುದು ತಡೆಯುವುದಲ್ಲ. ಸೈನ್ಯ ಕಳಿಸಿ ತಡೆಯಲು ಹೋದ ಒಂದು ಸಲ, 1987ರಲ್ಲಿ ಶ್ರೀಲಂಕಾದಲ್ಲಿ, ಮೂರು ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡೆವು. ಅದೇ ಶ್ರೀಲಂಕಾ 2022ರಲ್ಲಿ ಮುಗ್ಗರಿಸಿದಾಗ ಕೊಟ್ಟ 400 ಕೋಟಿ ಡಾಲರ್‌ನಷ್ಟು ಸಾಲ, ಎಣ್ಣೆ, ಔಷಧ ಕೆಲಸಕ್ಕೆ ಬಂತು.

ನನ್ನನ್ನು ಕೇಳಿದರೆ ಭಾರತದ ಒಳ್ಳೆಯ ಉಪಾಯ ಇನ್ನೊಂದು ಉಂಟು, ಅದನ್ನು ಯಾರೂ ಶಾಂತಿಯ ನೀತಿ ಅಂತ ಕರೆಯುವುದಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನೆನಪಿದೆಯಾ? ಅದರ ಮರುವರ್ಷ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಒಂದು ಲಕ್ಷ ಟನ್ ತೊಗರಿಯಿಂದ ಶುರು, ಆಮೇಲೆ ಎರಡು ಲಕ್ಷ. ಮಾಡಿದ್ದು ನಮ್ಮ ಸಾಂಬಾರಿಗಾಗಿ. ಆದರೆ ಅಲ್ಲಿನ ರೈತನಿಗೆ ಮುಂದಿನ ವರ್ಷವೂ ಕೊಳ್ಳುವವರು ಇದ್ದಾರೆ ಅನ್ನುವುದು ಗೊತ್ತಿರುತ್ತದೆ. ಎಷ್ಟು ಬಿತ್ತಬೇಕು, ಮಗಳನ್ನು ಶಾಲೆಗೆ ಕಳಿಸಬಹುದೋ ಇಲ್ಲವೋ, ಇದೆಲ್ಲ ಅದರ ಮೇಲೆ ನಿಂತಿದೆ. 2023ರ ಕೊನೆಗೆ ಅಲ್ಲಿನ ವ್ಯಾಪಾರಿಗಳ ಜಗಳದಲ್ಲಿ ತೊಗರಿ ಬಂದರಿನಲ್ಲೇ ಸಿಕ್ಕಿಬಿತ್ತು, ಒಪ್ಪಂದ ಕಾಗದದ ಮೇಲಿದ್ದರೆ ಸಾಲದು ಅಂತಲೂ ಆಗ ಗೊತ್ತಾಯಿತು.

ಇದನ್ನೇ ಗೇರುಬೀಜಕ್ಕೆ ಮಾಡಲಾಗುತ್ತದಾ? ಇಲ್ಲಿ ನನ್ನ ಮಾತು ನನಗೇ ತಿರುಗಿ ಬರುತ್ತದೆ. ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿತು. ನಮ್ಮ ಫ್ಯಾಕ್ಟರಿಯಲ್ಲಿ ಆ ಹೆಸರಿನ ಗೋಣಿ ಕಾಣದೇ ಇದ್ದದ್ದು ಅದಕ್ಕೇ. ಅವರು ಮಾಡಿದ್ದು ಸರಿ. ಮೊಜಾಂಬಿಕ್‌ಗೆ ಮೂವತ್ತು ವರ್ಷದ ಹಿಂದೆ ಆದ ಅನ್ಯಾಯ ತಮಗೆ ಆಗದಂತೆ ನೋಡಿಕೊಂಡರು. ಅಲ್ಲಿನ ಹುಡುಗಿಯರಿಗೆ ಕೆಲಸ ಸಿಕ್ಕರೆ ಆ ದೇಶ ಸ್ವಲ್ಪ ಗಟ್ಟಿಯಾಗುತ್ತದೆ, ಖಂಡಿತ. ಆದರೆ ಅಲ್ಲಿ ಒಡೆದ ಬೀಜ ಇಲ್ಲಿಗೆ ಬರುವುದಿಲ್ಲ. ದುರ್ಬಲ ದೇಶಗಳ ಬಗ್ಗೆ ನಾನು ಓದಿದ ಯಾವ ಯೋಜನೆಯಲ್ಲೂ ಈ ಖರ್ಚಿಗೆ ಒಂದು ಸಾಲು ಇಲ್ಲ. ಅಲ್ಲಿ ಶಾಂತಿಗೆ ಯಾರ್ಯಾರು ಎಷ್ಟೆಷ್ಟು ಕೊಟ್ಟರು ಅಂತ ಇದೆ. ಯಾರ ವಾರದ ಮೂರು ದಿನ ಹೋಯಿತು ಅಂತ ಇಲ್ಲ.

ಇದನ್ನು ಅಕ್ಕನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಮೊನ್ನೆ ಸಂಜೆ ಬೇಲಿ ಹತ್ತಿರ ಸಿಕ್ಕಿದಾಗ ಹೇಳಿಯೇ ಬಿಟ್ಟೆ. ಅವರಿಗೆ ಸಿಟ್ಟೇನೂ ಬಂದ ಹಾಗೆ ಕಾಣಲಿಲ್ಲ. ಬೆರಳ ತುದಿ ಉಜ್ಜಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತರು.

‘ಅಲ್ಲಿಯೂ ಹೆಂಗಸರೇ ಸಿಪ್ಪೆ ತೆಗೆಯುವುದಾ ಮಾಷ್ಟ್ರೇ?’

‘ಹೌದಂತೆ.’

‘ಕಿಲೋಗೆ ಎಷ್ಟು ಕೊಡ್ತಾರಂತೆ?’

ನನಗೆ ಗೊತ್ತಿರಲಿಲ್ಲ. ಗೆಳೆಯನಿಗೆ ವಾಟ್ಸಾಪ್ ಮಾಡಿದ್ದೇನೆ. ಫೆಬ್ರವರಿಯಲ್ಲಿ ಹೋದಾಗ ಕೇಳಿ ಹೇಳುತ್ತಾನಂತೆ.